ಸ್ಪ್ಯಾನಿಷ್ ಕ್ರಿಯಾಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆ?

ಸ್ಪ್ಯಾನಿಷ್ ಕಲಿಯುವ ಎಷ್ಟೋ ಜನ ಕ್ರಿಯಾಪದದ ರೂಪಗಳನ್ನು ಸುಮ್ನೆ ಉರು ಹೊಡೆಯುತ್ತಾರೆ, ಒತ್ತಿನ ಕಡೆ ಗಮನ ಕೊಡುವುದೇ ಇಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದ್ದೇ ಅದು. 'ಕಾಂತೋ' ಎಂಬಲ್ಲಿ ಮೊದಲ ಸಿಲಬಲ್ (ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ಉಚ್ಚರಿಸುವ ತುಂಡು) ಒತ್ತಿದರೆ 'ಹಾಡುತ್ತೇನೆ', ಕೊನೆಯದನ್ನು ಒತ್ತಿದರೆ 'ಹಾಡಿದ'. ಹಾಡುವವರೂ ಬದಲು, ಕಾಲವೂ ಬದಲು!

ಒತ್ತು ಹುಡುಕಲು ಮೊದಲು ಪದವನ್ನು ಸಿಲಬಲ್‌ಗಳಾಗಿ ಬಿಡಿಸಬೇಕು, ಅದು ಕಷ್ಟವಲ್ಲ. ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸಿಲಬಲ್‌ಗೆ ಸೇರುತ್ತದೆ, ಎರಡಿದ್ದರೆ ಆಚೆಗೊಂದು ಈಚೆಗೊಂದು: ಕಾನ್-ತಾ-ಮೋಸ್. ಬ್ಲ, ತ್ರ ಥರದ ಜೋಡಿಗಳು ಮಾತ್ರ ಒಡೆಯುವುದಿಲ್ಲ, ಹಾಗಾಗಿ ಆ-ಬ್ಲಾ-ಮೋಸ್. ಆಮೇಲೆ ಕೊನೆಯ ಅಕ್ಷರ ನೋಡಿ. ಅದು ಸ್ವರ, ಎನ್ ಅಥವಾ ಎಸ್ ಆಗಿದ್ದರೆ ಒತ್ತು ಕೊನೆಯಿಂದ ಎರಡನೆಯದಕ್ಕೆ, ಬೇರೆ ವ್ಯಂಜನವಾದರೆ ಕೊನೆಯದಕ್ಕೇ. ಈ ನಿಯಮ ಮೀರುವ ಪದಕ್ಕೆ ಒತ್ತು ಬೀಳುವ ಸ್ವರದ ಮೇಲೆ ಒಂದು ಗೀಟು ಬರುತ್ತದೆ, ಅದೇ ತಿಲ್ದೆ.

ಎನ್ ಮತ್ತು ಎಸ್‌ಗೆ ಯಾಕೆ ಈ ವಿನಾಯಿತಿ? ಕ್ರಿಯಾಪದ ನೋಡಿದರೆ ಗೊತ್ತಾಗುತ್ತದೆ. ಕಾಂತಾ, ಕಾಂತಾಸ್, ಕಾಂತಾನ್: 'ಅವನು', 'ನೀನು', 'ಅವರು'. ಮೂರರಲ್ಲೂ ಒತ್ತು 'ಕಾನ್' ಮೇಲೆಯೇ. ವಿನಾಯಿತಿ ಇಲ್ಲದಿದ್ದರೆ ಇಂಥ ರೂಪಗಳಿಗೆಲ್ಲ ಗೀಟು ಎಳೆಯುತ್ತಾ ಕೂರಬೇಕಿತ್ತು.

ಗೀಟಿಗೆ ಇನ್ನೊಂದು ಕೆಲಸವೂ ಇದೆ. ಇ ಮತ್ತು ಆ ಅಕ್ಕಪಕ್ಕ ಬಂದರೆ ಸಾಮಾನ್ಯವಾಗಿ ಒಂದೇ ಸಿಲಬಲ್ ಆಗುತ್ತವೆ, ಕಾಮ್-ಬ್ಯಾ ಎಂಬ ಹಾಗೆ. ಇ ಮೇಲೆ ಗೀಟು ಬಿದ್ದರೆ ಎರಡೂ ಬೇರೆಯಾಗುತ್ತವೆ: ಕೋ-ಮೀ-ಆ, 'ತಿನ್ನುತ್ತಿದ್ದೆ'.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. ಪೆನ್ಸಾರ್, ಅಂದರೆ ಯೋಚಿಸು. 'ನಾನು' ಬಂದಾಗ ಪ್ಯೇನ್-ಸೋ, 'ನಾವು' ಬಂದಾಗ ಪೆನ್-ಸಾ-ಮೋಸ್. ಪೊದೇರ್ (ಸಾಧ್ಯವಾಗು) ಕೂಡ ಹಾಗೇ, ಪ್ವೇ-ದೋ ಆದರೆ ಪೊ-ದೇ-ಮೋಸ್. ಇದನ್ನು ಅಪವಾದ ಅಂತ ಕಲಿಸುತ್ತಾರೆ, ಆದರೆ ಒತ್ತು ಹುಡುಕಿದರೆ ಕಾರಣ ಕಣ್ಣೆದುರೇ ಇದೆ ಅಲ್ವಾ? ಧಾತುವಿನ ಮೇಲೆ ಒತ್ತು ಬಿದ್ದಾಗ ಮಾತ್ರ ಅದರ ಎ 'ಇಎ' ಆಗುತ್ತದೆ, ಒ 'ಉಎ' ಆಗುತ್ತದೆ. ಒತ್ತು ಮುಂದಕ್ಕೆ ಸರಿದರೆ ಹಳೆಯ ಸ್ವರ ಹಾಗೇ ಉಳಿಯುತ್ತದೆ.

ಅನುಮಾನವಿದ್ದರೆ ಅರ್ಜೆಂಟೀನಾದವರ ಮಾತು ಕೇಳಿ. ಸ್ಪೇನ್‌ನಲ್ಲಿ 'ನೀನು' ಅನ್ನಲು 'ತು', ಅದಕ್ಕೆ ಪ್ಯೇನ್-ಸಾಸ್. ಅರ್ಜೆಂಟೀನಾದಲ್ಲಿ 'ವೋಸ್', ಒತ್ತು ಕೊನೆಯ ಸಿಲಬಲ್ ಮೇಲೆ, ಹಾಗಾಗಿ ಅವರು ಪೆನ್-ಸಾಸ್ ಅನ್ನುತ್ತಾರೆ. ಪ್ವೇ-ದೇಸ್ ಅಲ್ಲ, ಪೊ-ದೇಸ್.