ನೆನಪಿನ ತೋಟ: ಅಂತೂ ನೀರು ಇಂಗಿತು

ಇಂಗಿತು! ತೀರಿಹೋದ ಗೆಳೆಯನ ನೆನಪಿಗೆ ಅಂತ ಶಿಬಿರದ ಮಕ್ಕಳು ಕೇಳಿದ ತೋಟ ಇದು. ದೊಡ್ಡ ಮರದ ಹತ್ತಿರ, ನೀರು ಎಷ್ಟು ಬೇಗ ಇಂಗುತ್ತದೆ ಅಂತ ನೋಡಲು ತೋಡಿದ ಪರೀಕ್ಷೆ ಗುಂಡಿಯಲ್ಲಿ ನೀರು ಈಗ ಗಂಟೆಗೆ 2.5 ಸೆಂ.ಮೀ.ಗಿಂತ ಜಾಸ್ತಿ ಇಳಿಯುತ್ತಿದೆ. ಹೋದ ಬೇಸಿಗೆ ಶಿಬಿರ ಮುಗಿದಾಗ ಇಲ್ಲೇ ಸುರಿದ ನೀರು ಮಾರನೇ ದಿನವೂ ಹಾಗೇ ನಿಂತಿತ್ತು.

ಪಾತಿ, ಕಲ್ಲು ಹಾಸುವುದು ಎಲ್ಲ ನಿಮಗೆ ಗೊತ್ತಿರುವುದೇ. ತಲೆನೋವು ಮಣ್ಣಿನದು. ತೋಟ ಆ ಮರದ ಕೆಳಗೇ ಆಗಬೇಕು ಅಂತ ಮಕ್ಕಳು ಕೇಳಿದ್ದರು. ಆ ಗೆಳೆಯ ಕೂತು ಹಾಡುತ್ತಿದ್ದದ್ದು ಅಲ್ಲೇ, ಹಾಗಾಗಿ ಬೇರೆ ಜಾಗದ ಮಾತೇ ಇಲ್ಲ. ಆದರೆ ವರ್ಷವರ್ಷವೂ ಮಕ್ಕಳು ಓಡಾಡಿದ ಜೇಡಿಮಣ್ಣು, ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಅಗೆಯೋಣ ಅಂದರೆ ಬೇರು. ನೀರು ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರಿನಲ್ಲೇ ಇರುತ್ತವಲ್ವಾ? ಮಣ್ಣು ಪೇರಿಸಿ ಏರುಮಡಿ ಮಾಡಿದರೆ ಅವಕ್ಕೇ ಉಸಿರು ಕಟ್ಟುತ್ತದೆ. ಮರಳು ಬೆರೆಸಿ ಅಂತ ತುಂಬಾ ಜನ ಹೇಳಿದರು. ಜೇಡಿಗೆ ಸ್ವಲ್ಪ ಮರಳು ಸೇರಿದರೆ ಇನ್ನೂ ಗಟ್ಟಿ. ತಳಕ್ಕೆ ಜಲ್ಲಿ ಹಾಕಿದರೂ ಪ್ರಯೋಜನ ಇಲ್ಲ, ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ.

ಕೊನೆಗೆ ಕೈಹಿಡಿದದ್ದು ಬರೀ ತೂತು. ಕೈಯಲ್ಲಿ ತಿರುಗಿಸುವ ಆಗರ್ (ಮಣ್ಣು ಕೊರೆಯುವ ಸುರುಳಿ ಉಪಕರಣ) ಹಿಡಿದು 5 ಸೆಂ.ಮೀ. ಅಗಲ, 30 ಸೆಂ.ಮೀ. ಆಳ, ಅರ್ಧ ಮೀಟರಿಗೊಂದು, ಬುಡದಿಂದ ದೂರ. ಬೇರು ತಾಗಿದರೆ ಅಲ್ಲೇ ನಿಲ್ಲಿಸಿ ಪಕ್ಕಕ್ಕೆ ಸರಿಯುವುದು. ಒಳಗೆ ಕಾಂಪೋಸ್ಟ್, ಮೇಲೆ 7-8 ಸೆಂ.ಮೀ. ಮರದ ಚೂರಿನ ಹೊದಿಕೆ, ಕಾಂಡಕ್ಕೆ ತಾಗದ ಹಾಗೆ. ತುಳಿಯುವುದು ನಿಲ್ಲದಿದ್ದರೆ ಇದೆಲ್ಲ ದಂಡ, ಅದಕ್ಕೇ ನಡೆಯುವ ದಾರಿಯನ್ನು ಹಲಗೆ ಮೇಲೆ ಎತ್ತಿದೆವು. ಈಗ ಹೊದಿಕೆ ಸರಿಸಿದರೆ ತೂತಿನ ಬಾಯಲ್ಲಿ ಎರೆಹುಳು ಹೊರಹಾಕಿದ ಮಣ್ಣಿನ ಸಣ್ಣ ಸಣ್ಣ ಗುಡ್ಡೆ! ಉಳಿದ ಕೆಲಸ ಅವುಗಳದ್ದೇ.

ಕಾಂಪೋಸ್ಟ್ ಕೊಟ್ಟವರ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. ಮೊದಲು ಕಳಿಸಿದ ಚೀಲ ಬಿಚ್ಚಿದರೆ ಒಳಗೆ ಬಿಸಿ, ಮೂಗಿಗೆ ಬಡಿಯುವ ಅಮೋನಿಯಾ ವಾಸನೆ. ಸರಿಯಾಗಿ ಕಳಿಯದ್ದನ್ನು ಬೇರಿನ ಪಕ್ಕ ತುಂಬೋಕಾಗುತ್ತಾ? ವಾಪಸ್ ಕಳಿಸಿದೆವು. ಗಿಡದವರದ್ದು ಇನ್ನೂ ಜಾಸ್ತಿ. ಕೇಳಿದ ಗಿಡ ಇಲ್ಲ ಅಂತ ಕಣಗಿಲೆ ಕಳಿಸಿದ್ದಾರೆ! ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಅದೂ ಮಕ್ಕಳು ಓಡಾಡುವ ಜಾಗಕ್ಕೆ.

ಅಂದ ಹಾಗೆ, ಮುಂದಿನದು ಹಕ್ಕಿಗಳಿಗೆ ನೀರಿನ ತೊಟ್ಟಿ. ಆಳ 5 ಸೆಂ.ಮೀ. ದಾಟಬಾರದು, ತಳ ಒರಟಾಗಿರಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ. ಸೊಳ್ಳೆ ಆಗದ ಹಾಗೆ ವಾರಕ್ಕೆ ಎರಡು ಸಲ ನೀರು ಬದಲಿಸುವ ಪಾಳಿಗೆ ಮಕ್ಕಳು ಈಗಲೇ ಹೆಸರು ಕೊಟ್ಟಿದ್ದಾರೆ. ಅದಕ್ಕೂ ಮೊದಲು ಗಿಡ ನೆಡಬೇಕು. ಮರದ ಬೇರಿನ ನಡುವೆ ದೊಡ್ಡ ಗುಂಡಿ ತೋಡುವ ಹಾಗಿಲ್ಲ, ಆದ್ದರಿಂದ ಎಲ್ಲವೂ ಚಿಕ್ಕ ಚಿಕ್ಕ ಸಸಿಗಳೇ.