ಜೀನ್ಸ್ ವಾಷಿಂಗ್ ಘಟಕದ ಚರಂಡಿ ಸೇರುವ ಬಿಸಿ

ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ಮಾತು ಬಂದಾಗಲೆಲ್ಲ ನೀಲಿ ನೀರಿನ ಚರ್ಚೆಯೇ ಮುಂದಾಗುತ್ತದೆ. ಆ ನೀರು ಬಿಸಿಯಾಗಿಯೂ ಇರುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಒಂದೆಡೆ ಬಿಸಿನೀರನ್ನು ಚರಂಡಿಗೆ ಬಿಡುತ್ತ, ಇನ್ನೊಂದೆಡೆ ಮುಂದಿನ ಒಗೆತಕ್ಕೆಂದು ತಣ್ಣೀರನ್ನು ಸೌದೆ ಉರಿಸಿ ಕಾಯಿಸುವುದು ನನಗೆ ಸಹಿಸಲಾಗದ ನಷ್ಟವೆನಿಸುತ್ತದೆ.

ಯಂತ್ರದಿಂದ ಹೊರಬೀಳುವ ನೀರು 60 ಡಿಗ್ರಿ ಇದ್ದು, ಅದರ ಶಾಖದಿಂದ 28 ಡಿಗ್ರಿಯ 1,000 ಲೀಟರ್ ತಣ್ಣೀರನ್ನು 45 ಡಿಗ್ರಿಗೆ ಏರಿಸಿದೆವು ಎಂದಿಟ್ಟುಕೊಳ್ಳೋಣ. ಆಗ 17,000 ಕಿಲೋಕ್ಯಾಲರಿ ಉಳಿಯುತ್ತದೆ. ಒಣ ಸೌದೆಯ ಕಿಲೋ ಒಂದಕ್ಕೆ 3,500 ಕಿಲೋಕ್ಯಾಲರಿ, ಬಾಯ್ಲರ್ ದಕ್ಷತೆ ಶೇ. 60 ಎಂದು ಹಿಡಿದರೆ, ಪ್ರತಿ ಸಾವಿರ ಲೀಟರಿಗೆ ಸುಮಾರು 8 ಕಿಲೋ ಸೌದೆ ಮಿಗುತ್ತದೆ.

ಇದಕ್ಕೆ ಬೇಕಾದ ಹೀಟ್ ಎಕ್ಸ್‌ಚೇಂಜರ್ (ಎರಡು ನೀರು ಬೆರೆಯದಂತೆ ಒಂದರ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಉಪಕರಣ) ಹೊಸ ತಂತ್ರಜ್ಞಾನವೇನಲ್ಲ, ಆದರೆ ಆಯ್ಕೆಯಲ್ಲಿ ಎಚ್ಚರ ಬೇಕು. ಡೆನಿಮ್ ಬಟ್ಟೆಯಿಂದ ಉದುರುವ ನೂಲಿನ ಜುಂಗು ಮತ್ತು ಸ್ಟೋನ್ ವಾಷ್‌ಗೆ ಬಳಸುವ ಪ್ಯೂಮಿಸ್ ಕಲ್ಲಿನ ಪುಡಿ ಸೇರಿಕೊಂಡು ಕಿರಿದಾದ ಪ್ಲೇಟ್‌ಗಳ ಸಂದಿಯನ್ನು ಬೇಗ ಕಟ್ಟಿಬಿಡುತ್ತವೆ. ಆದ್ದರಿಂದ ಮೊದಲು ಜಾಲರಿ, ಕಲ್ಲಿನ ಪುಡಿ ತಳಕ್ಕಿಳಿಯಲು ಒಂದು ತೊಟ್ಟಿ, ಆಮೇಲೆ ಸುಲಭವಾಗಿ ತೊಳೆಯಬಹುದಾದ ಅಗಲ ಸಂದಿಯ ಉಪಕರಣ ಇರಬೇಕು. ಬಿಸಿನೀರು ಹೊರಬೀಳುವ ಹೊತ್ತಿಗೇ ಹೊಸ ನೀರು ಬೇಕಾಗುವುದಿಲ್ಲವಾದ್ದರಿಂದ, ಕಾದ ನೀರನ್ನು ಹಿಡಿದಿಡಲು ಶಾಖ ಸೋರದಂತೆ ಹೊದಿಕೆ ಹಾಕಿದ ಟ್ಯಾಂಕೂ ಅಗತ್ಯ. ತಣಿದು ಹೊರಹೋಗುವ ನೀರಿನಿಂದ ಇನ್ನೊಂದು ಉಪಕಾರವಿದೆ: ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಅತಿ ಬಿಸಿ ನೀರಿನಲ್ಲಿ ಸರಿಯಾಗಿ ಕೆಲಸ ಮಾಡಲಾರವು.

ಕೈಯಲ್ಲಿ ಬಂಡವಾಳ ಕಡಿಮೆ ಇರುವವರು, ಹಬೆಯಿಂದ ನಡೆಯುವ ಡ್ರೈಯರ್‌ಗಳಿದ್ದರೆ, ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸುಮಾರು 3 ಬಾರ್ ಒತ್ತಡದ ಹಬೆ ತನ್ನ ಶಾಖವನ್ನು ಕೊಟ್ಟು ನೀರಾದ ಮೇಲೂ ಅದರ ಒಟ್ಟು ಶಾಖದ ಐದನೇ ಒಂದು ಭಾಗದಷ್ಟು ಆ ನೀರಿನಲ್ಲೇ ಉಳಿದಿರುತ್ತದೆ. ಈ ಕಂಡೆನ್ಸೇಟ್ ಸಾಮಾನ್ಯವಾಗಿ ಶುದ್ಧವಾಗಿರುವುದರಿಂದ ಅದನ್ನು ಪೈಪಿನ ಮೂಲಕ ಬಾಯ್ಲರ್‌ನ ಫೀಡ್ ಟ್ಯಾಂಕಿಗೆ ಮರಳಿಸಿದರೆ ಸೌದೆಯ ಜೊತೆಗೆ ನೀರೂ, ನೀರನ್ನು ಮೆದುಗೊಳಿಸುವ ಖರ್ಚೂ ಉಳಿಯುತ್ತವೆ. ಚಿಮಣಿಯ ಬಿಸಿಗಾಳಿಯಿಂದ ಬಾಯ್ಲರ್‌ಗೆ ಹೋಗುವ ನೀರನ್ನು ಕಾಯಿಸುವ ಎಕಾನಮೈಸರ್ ಇದರ ನಂತರದ ಹೆಜ್ಜೆ. ಹೊಗೆಯ ಉಷ್ಣತೆ 22 ಡಿಗ್ರಿ ಇಳಿದರೆ ಬಾಯ್ಲರ್ ದಕ್ಷತೆ ಸುಮಾರು ಶೇ. 1ರಷ್ಟು ಏರುತ್ತದೆಯಾದರೂ, ಸೌದೆಯ ಬೂದಿ ಮತ್ತು ಮಸಿಯನ್ನು ಅದರ ಕೊಳವೆಗಳಿಂದ ನಿಯಮಿತವಾಗಿ ತೆಗೆಯಲು ಒಬ್ಬರನ್ನು ಹೊಣೆ ಮಾಡದಿದ್ದರೆ ಆ ಲಾಭ ಬಹುಕಾಲ ನಿಲ್ಲುವುದಿಲ್ಲ.