ಮೈನಸ್ ಆದ ಬಂಗುಡೆ

ದಕ್ಕೆಯ, ಅಂದರೆ ಮೀನು ಬಂದರಿನ, ಆ ಆಫೀಸಿಗೆ ಹೋಗಬೇಕೆಂದರೆ ನನಗೆ ಈಗಲೂ ಕಸಿವಿಸಿ. ಅಲ್ಲಿನ ಅಕೌಂಟೆಂಟ್ ನನ್ನನ್ನು ಕಂಡ ಕೂಡಲೇ ನಗುತ್ತಾರೆ.

ಅವರದ್ದು ಮೀನು ವ್ಯಾಪಾರ. ತಿಂಗಳ ರಿಪೋರ್ಟಿಗೆ ನಾವು ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟ ಪ್ರೋಗ್ರಾಂ ಇತ್ತು. ನಿಧಾನ, ಆದರೆ ಲೆಕ್ಕ ತಪ್ಪಿದ್ದಿಲ್ಲ. ನಮ್ಮ ಮ್ಯಾನೇಜರ್ ಎಲ್ಲೋ ಸೆಮಿನಾರಿಗೆ ಹೋಗಿ ಬಂದವರೇ "ಇದನ್ನು ರಸ್ಟ್‌ನಲ್ಲಿ ಮಾಡುವ" ಎಂದರು. ರಸ್ಟ್ ಅಂದರೆ ವೇಗದ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ. ಅದನ್ನು ಬಲ್ಲವರು ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ಸೀನಿಯರ್ ಅಂತ ನನ್ನ ತಲೆಗೆ ಕಟ್ಟಿದರು. ಜತೆಗೆ ಇಟ್ಟಿಗೆಯಂಥ ಒಂದು ಪುಸ್ತಕ, ಎರಡು ತಿಂಗಳ ಗಡುವು.

ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲೇ ಓದಿದೆ. ವೇರಿಯೇಬಲ್, ಲೂಪ್, ಸಂಖ್ಯೆಗಳ ಟೈಪು, ಇವೆಲ್ಲ ಕಾಪು ಬರುವುದರೊಳಗೆ ಮುಗಿದವು. ಹತ್ತು ವರ್ಷ ಕೋಡ್ ಬರೆದವನಿಗೆ ಇದೆಲ್ಲ ಎಂತಕ್ಕೆ ಅಂತ ಪುಟ ಮಗುಚಿದೆ. ಓನರ್‌ಶಿಪ್‌ಗೆ (ಯಾವ ಡೇಟಾ ಯಾರ ಸೊತ್ತು ಎಂಬ ನಿಯಮ) ಬಂದಾಗ ಗಾಡಿ ನಿಂತಿತು. ಒಂದು ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ಇನ್ನೊಂದು ವೇರಿಯೇಬಲಿಗೆ ಕೊಟ್ಟರೆ ಮೊದಲಿನದನ್ನು ಮತ್ತೆ ಮುಟ್ಟುವ ಹಾಗಿಲ್ಲ. ಏಲಂನಲ್ಲಿ ಹೋದ ಮೀನಿನ ಬುಟ್ಟಿಯ ಹಾಗೆ. ಲೈಫ್‌ಟೈಮ್ (ಎರವಲು ಕೊಟ್ಟ ಡೇಟಾವನ್ನು ಎಲ್ಲಿಯವರೆಗೆ ಬಳಸಬಹುದು ಎಂಬ ಲೆಕ್ಕ) ಅಂತೂ ಕೇಳಬೇಡಿ. ಪಡುಬಿದ್ರಿಯಿಂದ ಮುಲ್ಕಿಯವರೆಗೆ ಒಂದೇ ಪುಟ, ಅದೂ ನಾಲ್ಕು ದಿನ.

ಈ ನಿಯಮಗಳನ್ನು ಕಾಯುವ ಬಾರೋ ಚೆಕರ್ ಹತ್ತಿರ ಬೈಸಿಕೊಂಡು ಬೈಸಿಕೊಂಡು ಕೊನೆಗೂ ಎರರ್ ಇಲ್ಲದೆ ಕಂಪೈಲ್ ಆಯಿತು. ಆ ಸಂಜೆ ಇಡೀ ಟೀಮಿಗೆ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದೆ. ಟೆಸ್ಟಿಗೆ ಜೂನ್, ಜುಲೈ ಡೇಟಾ ಹಾಕಿದ್ದೆ. ಪೈಥಾನ್ ಲೆಕ್ಕಕ್ಕೂ ಇದಕ್ಕೂ ಒಂದು ಪೈಸೆ ವ್ಯತ್ಯಾಸ ಇರಲಿಲ್ಲ. ಕೋಡ್ ರಿವ್ಯೂ? ಮಾಡಲಿಕ್ಕೆ ಯಾರಿದ್ದರು, ಹೇಳಿ.

ಅಕ್ಟೋಬರಿನಲ್ಲಿ ಡೆಮೊ. ಧಣಿಗಳು, ಅಕೌಂಟೆಂಟ್, ನಮ್ಮ ಮ್ಯಾನೇಜರ್, ಎಲ್ಲ ಸ್ಕ್ರೀನ್ ನೋಡುತ್ತಿದ್ದಾರೆ. ಜುಲೈ ಒತ್ತಿದೆ, ಸರಿ. ಆಗಸ್ಟ್, ಸರಿ. ಕಣ್ಣು ಮುಚ್ಚಿ ಬಿಡುವುದರೊಳಗೆ ಬರುತ್ತಿತ್ತು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಸೆಪ್ಟೆಂಬರ್ ಒತ್ತಿದೆ.

ಒಟ್ಟು ಮಾರಾಟ: ಮೈನಸ್ 1,98,09,672.96.

ಯಾರೂ ಮಾತಾಡಲಿಲ್ಲ. ಹೊರಗೆ ಐಸ್ ಒಡೆಯುವ ಸದ್ದು ಮಾತ್ರ. ಅಕೌಂಟೆಂಟ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು. "ಎಂತ ಮಾರಾಯ್ರೆ, ಬಂಗುಡೆ ಕೊಟ್ಟದ್ದಲ್ಲದೆ ಎರಡು ಕೋಟಿಯೂ ನಾವೇ ಕೊಡ್ಲಿಕ್ಕುಂಟಾ?"

ಆಗ ನಾನು ಹೇಳಿದ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ನಿಮ್ಮ ಹುಡುಗರು ಎಂಟ್ರಿ ತಪ್ಪು ಹಾಕಿರಬೇಕು, ಸರ್." ಅಷ್ಟು ಖಡಕ್ ಭಾಷೆ, ಅಷ್ಟು ದೊಡ್ಡ ಪುಸ್ತಕ, ತಪ್ಪು ನನ್ನದಾಗಲಿಕ್ಕೆ ಹೇಗೆ ಸಾಧ್ಯ ಅಂತ. ಅವರು ವಾದ ಮಾಡಲಿಲ್ಲ. ಲೆಡ್ಜರ್ ತಂದು, ಸ್ಕ್ರೀನಿನ ಎಂಟ್ರಿಗಳ ಪಕ್ಕ ಬೆರಳಿಟ್ಟು ಒಂದೊಂದೇ ಓದಿದರು. ಮುಕ್ಕಾಲು ಗಂಟೆ. ಒಂದೂ ತಪ್ಪಿರಲಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿದರೆ 2,31,40,000 ರೂಪಾಯಿ ಬಂತು.

ಹೊರಗೆ ಹೋಗಿ ಆಫೀಸಿಗೆ ಫೋನ್ ಮಾಡಿದೆ. ಟೀಮಿಗೆ ಹೊಸದಾಗಿ ಬಂದ ಹುಡುಗಿ ಎತ್ತಿದಳು. "ಸರ್, ಅದು ರಿಲೀಸ್ ಬಿಲ್ಡ್ ಅಲ್ವಾ? ಒಮ್ಮೆ ಡೀಬಗ್‌ನಲ್ಲಿ ಓಡಿಸಿ ನೋಡಿ." ರಿಲೀಸ್ ಅಂದರೆ ಗ್ರಾಹಕರಿಗೆ ಕೊಡುವ ವೇಗದ ಆವೃತ್ತಿ, ಡೀಬಗ್ ಅಂದರೆ ತಪ್ಪು ಹುಡುಕಲಿಕ್ಕೆ ಇರುವ ಆವೃತ್ತಿ. ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಪ್ಯಾನಿಕ್. ಕೂಡಿಸುವಾಗ ಸಂಖ್ಯೆ ತುಂಬಿ ಹರಿಯಿತು ಅಂತ ಹೇಳಿ ಪ್ರೋಗ್ರಾಂ ಅಲ್ಲೇ ನಿಂತಿತು: "ಅಟೆಂಪ್ಟ್ ಟು ಆ್ಯಡ್ ವಿತ್ ಓವರ್‌ಫ್ಲೋ."

ದುಡ್ಡನ್ನು ಪೈಸೆ ಲೆಕ್ಕದಲ್ಲಿ ಐ32 (32 ಬಿಟ್ ಜಾಗದ ಸಂಖ್ಯೆ) ಟೈಪಿನಲ್ಲಿ ಇಟ್ಟಿದ್ದೆ. ಅದರಲ್ಲಿ ಹಿಡಿಯುವುದು ಹೆಚ್ಚೆಂದರೆ 2,14,74,83,647 ಪೈಸೆ, ಅಂದರೆ ಎರಡು ಕೋಟಿ ಹದಿನಾಲ್ಕು ಲಕ್ಷ ಚಿಲ್ಲರೆ ರೂಪಾಯಿ. ಅದು ತುಂಬಿದ ಮೇಲೆ ಡೀಬಗ್ ಬಿಲ್ಡ್ ಆದರೆ ಬೊಬ್ಬೆ ಹಾಕಿ ನಿಲ್ಲುತ್ತದೆ. ರಿಲೀಸ್ ಬಿಲ್ಡ್ ಸುಮ್ನೆ ಮೈನಸ್ ಕಡೆಯಿಂದ ಎಣಿಸುತ್ತಾ ಬರುತ್ತದೆ. ಪೈಥಾನ್‌ನಲ್ಲಿ ಸಂಖ್ಯೆ ಎಷ್ಟು ದೊಡ್ಡದಾದರೂ ಜಾಗ ತಾನೇ ಹಿಗ್ಗುತ್ತದೆ. ಹತ್ತು ವರ್ಷ ಅದರಲ್ಲೇ ಬೆಳೆದವನಿಗೆ ಲೆಕ್ಕದ ಬುಟ್ಟಿಗೂ ತಳ, ಅಂಚು ಇರುತ್ತದೆ ಎಂಬುದೇ ಮರೆತುಹೋಗಿತ್ತು.

ಇನ್ನು ನನ್ನ ಟೆಸ್ಟ್ ಡೇಟಾ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳಿಗೆ ರಜೆ. ಆಗ ಬರುವುದು ನಾಡದೋಣಿಯ ಮೀನು ಮಾತ್ರ. ಕರಾವಳಿಯಲ್ಲಿ ಹುಟ್ಟಿ ಬೆಳೆದವನು ನಾನು. ಮೀನಿಲ್ಲದ ತಿಂಗಳ ಡೇಟಾ ಹಾಕಿ ಮೀನಿನ ಸಾಫ್ಟ್‌ವೇರ್ ಟೆಸ್ಟ್ ಮಾಡಿದೆ. ಇದಕ್ಕೆ ಮ್ಯಾನೇಜರನ್ನು ಬೈಯಲಿಕ್ಕೂ ಆಗುವುದಿಲ್ಲ.

ಟೈಪನ್ನು 64 ಬಿಟ್‌ನ ಐ64 ಮಾಡಿದ್ದು ಐದು ನಿಮಿಷದ ಕೆಲಸ. ಬಿಲ್ಡಿನ ಸೆಟ್ಟಿಂಗ್ ಇರುವ ಕಾರ್ಗೋ ಫೈಲಿನಲ್ಲಿ ರಿಲೀಸಿಗೂ ಓವರ್‌ಫ್ಲೋ ಚೆಕ್ ಆನ್ ಮಾಡಿದೆ. ಅದಕ್ಕೆ ಮ್ಯಾನೇಜರ್ "ಸ್ಪೀಡ್ ಕಡಿಮೆ ಆಗುವುದಿಲ್ಲವಾ?" ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಅಂದು ಸಂಜೆ ಪುಸ್ತಕ ತೆಗೆದು ನೋಡಿದೆ. ಎಲ್ಲ ಅಲ್ಲೇ ಇತ್ತು, ಕಾಪು ಬರುವ ಮೊದಲು ನಾನು ಮಗುಚಿದ ಪುಟದಲ್ಲೇ. ನನ್ನ ಬುಕ್‌ಮಾರ್ಕುಗಳೆಲ್ಲ ಲೈಫ್‌ಟೈಮ್ ಅಧ್ಯಾಯದಲ್ಲಿದ್ದವು. ನಮ್ಮ ಪ್ರೋಗ್ರಾಂನಲ್ಲಿ ಲೈಫ್‌ಟೈಮ್ ಬರೆಯಬೇಕಾಗಿ ಬಂದದ್ದು ಒಂದೇ ಕಡೆ.

ಅಕೌಂಟೆಂಟರ ಹತ್ತಿರ ಮರುದಿನವೇ ಹೋಗಿ ತಪ್ಪು ನನ್ನದು ಎಂದೆ. ಅವರು ಚಹಾ ತರಿಸಿದರು. ಈಗ ತಿಂಗಳ ಮೊದಲ ವಾರ ಅವರ ಫೋನ್ ಬರುತ್ತದೆ. "ಈ ಸಲ ನಾವು ಎಷ್ಟು ಕೊಡ್ಲಿಕ್ಕುಂಟು, ಮಾರಾಯ್ರೆ?"